ಬಾವಿಕಟ್ಟೆಯ ಜಾಜಿ
(ಸೊರಗಿದ ಹೂಬಳ್ಳಿಯ ಆರೈಕೆಯನ್ನು ಕುರಿತು ಒಂದು ಪಾಠ)

ನಮ್ಮ ಶಾಲೆಯ ವಸತಿಗೃಹದಲ್ಲಿದ್ದು ಓದಿ ಹೋದ ಸೋದರಿಯರಲ್ಲಿ ಬಾವಿಕಟ್ಟೆಯ ಪಕ್ಕದ ಜಾಜಿಯ ಚಪ್ಪರವನ್ನು ಮರೆತವರು ಬಹಳ ಮಂದಿ ಇರಲಾರರು. ಜೂನ್ ತಿಂಗಳಿನಲ್ಲಿ ಹೊಸದಾಗಿ ಬಂದು ಸೇರಿದ ಹುಡುಗಿಯರು ತಾಯಿಯನ್ನು ನೆನೆದು ಕಣ್ಣೊರಸಿಕೊಳ್ಳುತ್ತ ಮಲಗಿದ ಮೊದಲನೆಯ ರಾತ್ರಿಯು ಕಳೆದು ಬೆಳಗಾದಾಗ, ಮೇಲಿನ ತರಗತಿಯ ಅಕ್ಕಂದಿರು ಈ ಚಪ್ಪರದಿಂದ ಹೂ ಬಿಡಿಸಿ, ಬಾಳೆಯ ನಾರಿನಲ್ಲಿ ಕಟ್ಟಿ, ಒಬ್ಬೊಬ್ಬಳಿಗೂ ಒಂದೊಂದು ತುಂಡು ಮುಡಿಸುವುದು ಇಲ್ಲಿನ ಹಳೆಯ ವಾಡಿಕೆ. ಹೂ ಮುಡಿದ ಮೇಲೆ ಅಳು ನಿಂತಿತೆಂದು ನಾವು ಹೇಳುವುದಿಲ್ಲ. ಆದರೆ ಆ ಹೊತ್ತಿನಿಂದ ಹೊಸಬಳಿಗೆ ಹೆಸರು ಹಿಡಿದು ಕರೆಯುವ ಅಕ್ಕ ಒಬ್ಬಳು ದೊರೆತಿರುತ್ತಿದ್ದಳು.

ಅಂತಹ ಬಳ್ಳಿಯು ಕೆಲವು ವರ್ಷಗಳ ಹಿಂದೆ ಸೊರಗುತ್ತ ಬಂದು, ಮೂರು ಜೂನ್ ತಿಂಗಳುಗಳಲ್ಲಿ ಒಂದು ಹಿಡಿ ಹೂವನ್ನು ಸಹ ಕೊಡದೆ ಹೋಯಿತು. ಎಲೆಗಳು ಹಳದಿಯಾದುವು, ಒಣಗಿದ ಕಡ್ಡಿಗಳು ಚಪ್ಪರದ ತುಂಬ ತೂಗಾಡಿದುವು. ಬಳ್ಳಿಯನ್ನು ಕಿತ್ತು, ಆ ಸ್ಥಳದಲ್ಲಿ ಕಲ್ಲು ಹಾಸಿ, ಪಾತ್ರೆ ತೊಳೆಯಲು ಅನುಕೂಲ ಮಾಡಬೇಕೆಂಬ ಮಾತು ಎದ್ದಿತು. ಅದು ಅನ್ಯಾಯದ ಮಾತೇನೂ ಅಲ್ಲ; ಸ್ಥಳದ ಅಭಾವವು ನಿಜವಾಗಿಯೂ ಇದ್ದಿತು. ಮುಖ್ಯೋಪಾಧ್ಯಾಯಿನಿಯವರು ದಯೆಯಿಟ್ಟು ಒಂದು ವರ್ಷದ ಅವಧಿಯನ್ನು ಕೊಟ್ಟರು. ಮುಂದಿನ ಜೂನ್ ತಿಂಗಳಿಗೆ ಹೂ ಬಂದರೆ ಬಳ್ಳಿ ಉಳಿಯುವುದು, ಇಲ್ಲವಾದರೆ ಕಲ್ಲುಹಾಸು ಬರುವುದು ಎಂದು ತೀರ್ಮಾನವಾಯಿತು. ಆ ಒಂದು ವರ್ಷದಲ್ಲಿ ನಾವು ಮಾಡಿದ ತಪ್ಪುಗಳನ್ನೂ ಕಲಿತ ಪಾಠಗಳನ್ನೂ ತಮ್ಮ ತಮ್ಮ ಮನೆಯ ಅಂಗಳದಲ್ಲಿ ಬಳ್ಳಿ ಬೆಳೆಸುವ ಸೋದರಿಯರ ಮತ್ತು ತಾಯಿತಂದೆಗಳ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತೇವೆ.

೧. ಜಾಜಿಯ ಸ್ವಭಾವ

ಆರೈಕೆಗೆ ಮೊದಲು ಆರೈಕೆ ಪಡೆಯತಕ್ಕ ಜೀವದ ಸ್ವಭಾವವನ್ನು ತಿಳಿಯಬೇಕು. ಜಾಜಿ, ದುಂಡುಮಲ್ಲಿಗೆ, ಸೂಜಿಮಲ್ಲಿಗೆ ಇವೆಲ್ಲವೂ ಒಂದೇ ಕುಲದ ಅಕ್ಕತಂಗಿಯರು. ಸಸ್ಯಶಾಸ್ತ್ರಜ್ಞರು ಇವುಗಳನ್ನು ಆಲಿವ್ ಮರದ ಕುಟುಂಬದಲ್ಲಿ ಸೇರಿಸುತ್ತಾರೆ. ಸ್ವೀಡನ್ ದೇಶದ ಲಿನೇಯಸ್ ಎಂಬ ಪಂಡಿತನು ೧೭೬೨ರಲ್ಲಿ ಜಾಜಿಗೆ ಜಾಸ್ಮಿನಮ್ ಗ್ರ್ಯಾಂಡಿಫ್ಲೋರಮ್ ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟನು. ದೊಡ್ಡ ಹೂವಿನ ಮಲ್ಲಿಗೆ ಎಂಬುದು ಅದರ ಅರ್ಥ. ದುಂಡುಮಲ್ಲಿಗೆಯ ಎಲೆಯು ಒಂಟಿಯಾದುದು; ಜಾಜಿಯ ಎಲೆಯಾದರೋ ಒಂದೇ ತೊಟ್ಟಿನ ಎರಡು ಪಕ್ಕಗಳಲ್ಲಿ ಜೋಡಿಜೋಡಿಯಾಗಿಯೂ ತುದಿಯಲ್ಲಿ ಒಂದಾಗಿಯೂ ನಿಂತ ಕಿರುಎಲೆಗಳ ಗುಂಪು. ಅದರ ಮೊಗ್ಗಿನ ಹೊರಮೈಯಲ್ಲಿ ತೆಳುವಾದ ನಸುಗೆಂಪು ಇರುತ್ತದೆ. ಅರಳಿದ ಮೇಲೆ ಹೂವು ಬಿಳುಪು. ದಕ್ಷಿಣ ಫ್ರಾನ್ಸಿನ ಗ್ರಾಸ್ ಪಟ್ಟಣದ ಸುತ್ತಲೂ ಸುಗಂಧದ್ರವ್ಯಕ್ಕಾಗಿ ಬೆಳೆಸಿದ ಮಲ್ಲಿಗೆಯು ಇದೇ ಜಾಜಿಯೆಂಬುದನ್ನು ಕೇಳಿದರೆ ನಮ್ಮ ಹುಡುಗಿಯರಿಗೆ ಸಂತೋಷವಾಗುತ್ತದೆ.

ಈ ಬಳ್ಳಿಯ ಬೇಡಿಕೆಗಳು ನಾಲ್ಕು: ದಿನಕ್ಕೆ ಆರು ಗಂಟೆಗಳಿಗೆ ಕಡಮೆಯಿಲ್ಲದ ಬಿಸಿಲು, ನೀರು ನಿಲ್ಲದೆ ಬಸಿದುಹೋಗುವ ಮಣ್ಣು, ಹಿತವಾದ ಗೊಬ್ಬರ, ಕಾಲವರಿತು ಕತ್ತರಿಸುವ ಕೈ. ಎಲ್ಲಕ್ಕಿಂತಲೂ ಮುಖ್ಯವಾಗಿ ನೆನಪಿಡತಕ್ಕ ಸಂಗತಿಯೊಂದುಂಟು. ಜಾಜಿಯು ಹಳೆಯ ಕೊಂಬೆಯಲ್ಲಿ ಹೂ ಬಿಡುವುದಿಲ್ಲ. ಆ ವರ್ಷ ಹೊಸದಾಗಿ ಚಿಗುರಿ ಬೆಳೆದ ಕುಡಿಗಳ ತುದಿಯಲ್ಲಿ ಬಿಡುತ್ತದೆ. ಈ ಒಂದು ವಾಕ್ಯವು ಆಗಲೇ ನಮಗೆ ತಿಳಿದಿದ್ದರೆ ಮೂರು ವರ್ಷಗಳ ದುಃಖವು ತಪ್ಪುತ್ತಿದ್ದಿತು.

೨. ನಾವು ಮಾಡಿದ ಮೊದಲನೆಯ ತಪ್ಪು

ಅವಧಿಯು ದೊರೆತ ಕೂಡಲೆ ನಾವೆಲ್ಲರೂ ವೈದ್ಯರಾದೆವು. ಒಬ್ಬರು ಕಡಲೆಕಾಯಿ ಹಿಂಡಿಯನ್ನು ನೆನಸಿ ಹುಯ್ಯಬೇಕೆಂದರು. ಇನ್ನೊಬ್ಬರು ಯೂರಿಯಾ ಹಾಕಬೇಕೆಂದರು. ಮಜ್ಜಿಗೆಯ ನೀರು ಒಳ್ಳೆಯದೆಂದು ಮತ್ತೊಬ್ಬರ ಮತ. ಬಳ್ಳಿಯ ಮೇಲಿನ ಪ್ರೀತಿಯಿಂದ ಹುಡುಗಿಯರು ಸ್ನಾನ ಮುಗಿಸಿ ಹೋಗುವಾಗ ಒಬ್ಬೊಬ್ಬಳೂ ಒಂದೊಂದು ಚೊಂಬು ನೀರನ್ನು ಬುಡಕ್ಕೆ ಹುಯ್ದು ಹೋಗತೊಡಗಿದಳು. ಅರವತ್ತು ಮಂದಿಯ ಪ್ರೀತಿಯೆಂದರೆ ದಿನಕ್ಕೆ ಅರವತ್ತು ಚೊಂಬು ನೀರು! ಅದೂ ಮಳೆಗಾಲದಲ್ಲಿ.

ಒಂದು ತಿಂಗಳಲ್ಲಿ ಫಲವು ಕಂಡುಬಂದಿತು. ನಾಲ್ಕಾರು ಕುಡಿಗಳು ಉದ್ದುದ್ದವಾಗಿ ಬೆಳೆದುವು; ಒಂದರಲ್ಲಿಯೂ ಮೊಗ್ಗಿಲ್ಲ. ಉಳಿದ ಎಲೆಗಳು ಮೊದಲಿಗಿಂತಲೂ ಹೆಚ್ಚಾಗಿ ಹಳದಿಯಾಗಿ ಉದುರಿದುವು. ರೋಗವಾವುದೆಂದು ತಿಳಿಯದೆ ಔಷಧವನ್ನು ಕೊಟ್ಟದ್ದರ ಪರಿಣಾಮ ಇದು. ಯೂರಿಯಾ ಮತ್ತು ಹಿಂಡಿಗಳಲ್ಲಿರುವ ಸಾರಜನಕವು ಮಿತಿಮೀರಿದರೆ ಬಳ್ಳಿಯು ಸೊಪ್ಪು ಬೆಳೆಸುತ್ತದೆಯೇ ಹೊರತು ಹೂವಿನ ಕಡೆಗೆ ಮನಸ್ಸು ಕೊಡುವುದಿಲ್ಲ. ಆಗ ಎಲ್ಲ ಉಪಚಾರಗಳನ್ನೂ ನಿಲ್ಲಿಸಿ, ಒಂಬತ್ತನೆಯ ತರಗತಿಯ ಹುಡುಗಿಯರ ಕೈಗೆ ಒಂದು ಪುಸ್ತಕವನ್ನು ಕೊಟ್ಟು, ಎರಡು ವಾರಗಳ ಕಾಲ ನೋಡಿದ್ದನ್ನು ಬರೆಯುವುದಲ್ಲದೆ ಬೇರೇನನ್ನೂ ಮಾಡಕೂಡದೆಂದು ಕಟ್ಟುಮಾಡಿದೆವು.

೩. ನೋಡಿದಾಗ ಕಂಡುದು

ಮೊದಲು ಬಿಸಿಲು. ಹುಡುಗಿಯರು ಸರದಿಯ ಮೇಲೆ ಗಂಟೆಗೊಮ್ಮೆ ಹೋಗಿ, ಚಪ್ಪರದ ಮೇಲೆ ಬಿಸಿಲಿದೆಯೇ ನೆರಳಿದೆಯೇ ಎಂದು ಗುರುತು ಹಾಕಿದರು. ಮೋಡವಿಲ್ಲದ ದಿನಗಳಲ್ಲಿಯೂ ಎರಡು ಗಂಟೆಗಳಿಗಿಂತ ಹೆಚ್ಚಾದ ಬಿಸಿಲು ಬೀಳುತ್ತಿರಲಿಲ್ಲ. ಪಕ್ಕದ ಹೊಂಗೆಯ ಮರವು ನಮಗೆ ಅರಿವಿಲ್ಲದಂತೆ ವರ್ಷ ವರ್ಷವೂ ಕೈಚಾಚಿ ಚಪ್ಪರವನ್ನು ಮುಚ್ಚಿಬಿಟ್ಟಿದ್ದಿತು. ದಿನವೂ ಅದರ ಕೆಳಗೆ ಓಡಾಡುತ್ತಿದ್ದವರಿಗೆ ಅದು ಕಾಣಿಸಲಿಲ್ಲವೆಂಬುದೇ ವಿಚಿತ್ರ.

ಎರಡನೆಯದು ನೀರು. ಬುಡದಿಂದ ಎರಡು ಅಡಿ ದೂರದಲ್ಲಿ ಒಂದು ಅಡಿ ಆಳದ ಸಣ್ಣ ಗುಳಿಯನ್ನು ತೋಡಿಸಿದೆವು. ಮೂರು ದಿನಗಳಿಂದ ಮಳೆಯಿಲ್ಲದಿದ್ದರೂ ಗುಳಿಯಲ್ಲಿ ನೀರು ಒಸರಿತು. ಮಣ್ಣು ಹುಳಿನಾತ ಬೀರುತ್ತಿದ್ದಿತು. ಗಿಡದ ಬೇರುಗಳಿಗೂ ಉಸಿರಾಟವುಂಟು. ಮಣ್ಣಿನ ಕಣಗಳ ನಡುವಣ ಗಾಳಿಯನ್ನು ನೀರು ಹೊರದೂಡಿದರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಹೀರಲಾರದು. ಆದಕಾರಣ ನೀರಿನಲ್ಲಿಯೇ ನಿಂತ ಗಿಡವು ಬಾಯಾರಿದ ಗಿಡದಂತೆಯೇ ಬಾಡುತ್ತದೆ. ಇದನ್ನರಿಯದವರು ಬಾಡಿದ್ದನ್ನು ಕಂಡು ಇನ್ನಷ್ಟು ನೀರು ಹುಯ್ಯುತ್ತಾರೆ.

ಮೂರನೆಯದು ಮಣ್ಣು. ಅದೇ ಗುಳಿಯಲ್ಲಿ ಗಾರೆಯ ಹೆಂಟೆಗಳೂ ಸಿಮೆಂಟಿನ ಚೂರುಗಳೂ ಬುಟ್ಟಿಗಟ್ಟಲೆ ದೊರೆತುವು. ಬಾವಿಯ ಕಟ್ಟೆಯನ್ನು ದುರಸ್ತಿ ಮಾಡಿದಾಗ ಉಳಿದುದನ್ನು ಕೆಲಸದವರು ಅಲ್ಲಿಯೇ ಹೂತಿದ್ದರು. ಸುಣ್ಣದ ಅಂಶವು ಹೆಚ್ಚಾದ ಮಣ್ಣಿನಲ್ಲಿ ಕಬ್ಬಿಣವು ಇದ್ದರೂ ಅದು ನೀರಿನಲ್ಲಿ ಕರಗದ ರೂಪವನ್ನು ತಾಳುವುದರಿಂದ ಬೇರಿಗೆ ದಕ್ಕುವುದಿಲ್ಲ. ಕಬ್ಬಿಣವಿಲ್ಲದೆ ಎಲೆಯ ಹಸುರು ಹುಟ್ಟದು. ಎಳೆಯ ಎಲೆಗಳೇ ಮೊದಲು ಹಳದಿಯಾಗಿ ಅವುಗಳ ನರಗಳು ಮಾತ್ರ ಹಸುರಾಗಿ ಉಳಿದಿದ್ದುದಕ್ಕೆ ಕಾರಣವು ಇದೇ. ತುಸು ತೊಳೆದು ಚೆಲ್ಲಿದ ಸಾಬೂನಿನ ನೀರೂ ಇದಕ್ಕೆ ಸಹಾಯ ಮಾಡಿತ್ತು, ಅದರಲ್ಲಿಯೂ ಕ್ಷಾರವುಂಟಲ್ಲವೇ?

ಎಲೆಯ ಹಳದಿಯನ್ನು ಓದುವ ಬಗೆಯನ್ನು ಹುಡುಗಿಯರು ಪುಸ್ತಕದಲ್ಲಿ ಹೀಗೆ ಬರೆದುಕೊಂಡರು:

ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾದರೆ ಸಾರಜನಕದ ಕೊರತೆಯನ್ನು ಶಂಕಿಸಬೇಕು.
ತುದಿಯ ಎಳೆಯ ಎಲೆಗಳು ಹಳದಿಯಾಗಿ ನರಗಳು ಹಸುರಾಗಿದ್ದರೆ ಕಬ್ಬಿಣದ ಕೊರತೆ.
ಮಣ್ಣು ಒದ್ದೆಯಾಗಿದ್ದೂ ಗಿಡವೆಲ್ಲ ಹಳದಿಯಾಗಿ ಬಾಡಿದರೆ ಬೇರಿನ ಉಸಿರು ಕಟ್ಟಿದೆ.
ಬಿರುಬೇಸಿಗೆಯಲ್ಲಿ ಎಲೆಯ ಮೇಲೆ ಸಣ್ಣ ಸಣ್ಣ ಬಿಳಿಚುಕ್ಕೆಗಳೂ ಅಡಿಯಲ್ಲಿ ನವಿರಾದ ಬಲೆಯೂ ಕಂಡರೆ ಅದು ಕೆಂಪು ನುಸಿಯ ಕೆಲಸ.

೪. ಅಡುಗೆಯ ಅಜ್ಜಿಯ ಮಾತು

ಇಷ್ಟನ್ನು ಕಂಡುಹಿಡಿದು ನಾವು ಹೆಮ್ಮೆಪಡುತ್ತಿದ್ದಾಗ, ಆ ಬಳ್ಳಿಯನ್ನು ನೆಟ್ಟಿದ್ದ ನಮ್ಮ ಅಡುಗೆಯ ಅಜ್ಜಿಯು ಒಂದು ಮಾತನ್ನು ಹೇಳಿದಳು. “ಟೀಚರಮ್ಮಾ, ನೀವು ಹೇಳೋದೆಲ್ಲ ಸರಿ. ಆದರೆ ನಾನು ನೆಟ್ಟ ಕಾಲದಲ್ಲಿ ಬೇಸಿಗೆಯಲ್ಲಿ ಯಾರೂ ಇದಕ್ಕೆ ಕತ್ತರಿ ಹಾಕುತ್ತಿರಲಿಲ್ಲ.”

ನಾವು ಲೆಕ್ಕವನ್ನು ತೆಗೆದು ನೋಡಿದೆವು. ಕೆಲವು ವರ್ಷಗಳಿಂದ ಶಾಲೆ ತೆರೆಯುವುದಕ್ಕೆ ಮುಂಚೆ, ಮೇ ತಿಂಗಳಿನ ಕೊನೆಯ ವಾರದಲ್ಲಿ, ಅಂಗಳವನ್ನೆಲ್ಲ ಗುಡಿಸಿ, ಸುಣ್ಣ ಬಳಿದು, ಗಿಡಬಳ್ಳಿಗಳನ್ನು ಒಪ್ಪವಾಗಿ ಕತ್ತರಿಸುವ ಪದ್ಧತಿಯು ಬಂದಿದ್ದಿತು. ಹೊಸ ಹುಡುಗಿಯರು ಬಂದಾಗ ಎಲ್ಲವೂ ಚೊಕ್ಕಟವಾಗಿ ಕಾಣಲೆಂಬುದೇ ಉದ್ದೇಶ. ಚಪ್ಪರದಿಂದ ಹೊರಕ್ಕೆ ಚಾಚಿದ ಕುಡಿಗಳನ್ನೆಲ್ಲ ತೋಟದವನು ಸಮನಾಗಿ ಸವರಿಬಿಡುತ್ತಿದ್ದನು. ಆದರೆ ಜೂನ್ ತಿಂಗಳಿನಲ್ಲಿ ಅರಳಬೇಕಾದ ಮೊಗ್ಗುಗಳನ್ನು ಹೊತ್ತಿದ್ದುವು ಆ ಕುಡಿಗಳೇ! ಹೊಸಬರ ಸ್ವಾಗತಕ್ಕಾಗಿ ನಾವು ಮಾಡಿದ ಅಲಂಕಾರವೇ ಅವರಿಗೆ ಮುಡಿಸತಕ್ಕ ಹೂವನ್ನು ಕತ್ತರಿಸಿ ಕಸದ ಗುಂಡಿಗೆ ಹಾಕಿದ್ದಿತು. ತೋಟದವನದು ತಪ್ಪಲ್ಲ, ಹಾಗೆ ಮಾಡೆಂದು ಹೇಳಿದವರು ನಾವು. ಆ ದಿನ ನಾವು ಬಹಳ ಹೊತ್ತು ಮಾತನಾಡಲಿಲ್ಲ.

೫. ಮಾಡಿದ ಚಿಕಿತ್ಸೆ

ಆಗಸ್ಟ್ ತಿಂಗಳಲ್ಲಿ ಬುಡದ ಸುತ್ತ ಇಳಿಜಾರಾಗಿ ಒಂದು ಕಾಲುವೆಯನ್ನು ತೆಗೆದು, ಬಚ್ಚಲಿನ ಮತ್ತು ಪಾತ್ರೆ ತೊಳೆದ ನೀರನ್ನು ಬಾಳೆಯ ಪಾತಿಗೆ ತಿರುಗಿಸಿದೆವು. ಚೊಂಬಿನ ನೀರು ನಿಂತಿತು. ಮಣ್ಣಿನೊಳಗೆ ಬೆರಳನ್ನು ಎರಡು ಅಂಗುಲ ಊರಿ ನೋಡಿ, ಒಣಗಿದ್ದರೆ ಮಾತ್ರ ನೀರು, ತಣ್ಣಗಿದ್ದರೆ ಇಲ್ಲವೆಂಬ ನಿಯಮವನ್ನು ಗೋಡೆಯ ಮೇಲೆ ಬರೆಯಿಸಿದೆವು.

ಮಳೆಯ ಜೋರು ತಗ್ಗಿದ ಮೇಲೆ ಬುಡದಿಂದ ಒಂದೂವರೆ ಅಡಿ ಬಿಟ್ಟು ಸುತ್ತಲೂ ಜಾಗರೂಕತೆಯಿಂದ ಅಗೆದು ಗಾರೆಯ ಚೂರುಗಳನ್ನು ಆರಿಸಿ ತೆಗೆದೆವು. ದಪ್ಪ ಬೇರುಗಳಿಗೆ ಗುದ್ದಲಿ ತಗಲದಂತೆ ಹುಡುಗಿಯರು ಕೈಯಿಂದಲೇ ಮಣ್ಣನ್ನು ಕೆರೆದರು. ಕೊಳೆತು ಕಪ್ಪಾಗಿದ್ದ ಬೇರುಗಳನ್ನು ಕತ್ತರಿಸಿ, ಆ ಸ್ಥಳಕ್ಕೆ ಕೆಮ್ಮಣ್ಣು, ಮರಳು ಮತ್ತು ಚೆನ್ನಾಗಿ ಕಳಿತ ಕೊಟ್ಟಿಗೆಗೊಬ್ಬರವನ್ನು ಬೆರಸಿ ತುಂಬಿದೆವು. ಕಬ್ಬಿಣದ ಕೊರತೆಯನ್ನು ಸದ್ಯಕ್ಕೆ ನೀಗಲು, ಒಂದು ಲೀಟರು ನೀರಿಗೆ ೫ ಗ್ರಾಂ ಅನ್ನಭೇದಿಯನ್ನು ಕರಗಿಸಿ, ಬಟ್ಟೆಯಲ್ಲಿ ಸೋಸಿ, ಬಿಸಿಲಿಳಿದ ಸಂಜೆಯಲ್ಲಿ ಎಲೆಗಳಿಗೆ ಸಿಂಪಡಿಸಿದೆವು. ತಿಂಗಳಿಗೊಮ್ಮೆಯಂತೆ ಮೂರು ಸಲ ಮಾಡಿದೆವು. ಮೂರನೆಯ ಸಲದ ಹೊತ್ತಿಗೆ ಹೊಸ ಎಲೆಗಳು ಹಸುರಾಗಿಯೇ ಹುಟ್ಟಿದುವು. ಅನ್ನಭೇದಿಯು ಬಟ್ಟೆಗೂ ಗೋಡೆಗೂ ತುಕ್ಕಿನ ಕಲೆ ಹಿಡಿಸುವುದರಿಂದ ಸಿಂಪಡಿಸುವಾಗ ಹಳೆಯ ಸೀರೆಯನ್ನುಡುವುದು ಮೇಲು.

ಹೊಂಗೆಯ ಮರವನ್ನು ಕಡಿಯುವುದು ನಮಗೆ ಸಮ್ಮತವಿರಲಿಲ್ಲ. ಬಳ್ಳಿಯ ಮೇಲೆ ಬಾಗಿದ ಎರಡು ಕೊಂಬೆಗಳನ್ನು ಮಾತ್ರ ಇಳಿಸಿದೆವು. ಹುಡುಗಿಯರು ಪುನಃ ಗಂಟೆಗೊಮ್ಮೆ ಗುರುತು ಹಾಕಿದರು. ಎರಡು ಗಂಟೆಯ ಬಿಸಿಲು ಆರು ಗಂಟೆಯಾಗಿದ್ದಿತು.

೬. ಕತ್ತರಿಸುವ ಕಾಲ

ಜಾಜಿಯನ್ನು ಕತ್ತರಿಸತಕ್ಕ ಕಾಲವು ಡಿಸೆಂಬರ್ ತಿಂಗಳಿನ ಕೊನೆ ಅಥವಾ ಜನವರಿಯ ಆರಂಭ. ಆಗ ಬಳ್ಳಿಯು ಹೂ ಬಿಡುವ ಕೆಲಸವನ್ನು ಮುಗಿಸಿ ವಿಶ್ರಾಂತಿಯಲ್ಲಿರುತ್ತದೆ. ಹೂವಿನ ವ್ಯವಸಾಯ ಮಾಡುವವರು ಗಿಡಗಳನ್ನು ನೆಲದಿಂದ ಒಂದೂವರೆ ಅಡಿಯಷ್ಟು ಬಿಟ್ಟು ಪೂರ್ತಿಯಾಗಿ ಕತ್ತರಿಸುತ್ತಾರೆ. ಚಪ್ಪರಕ್ಕೆ ಹಬ್ಬಿಸಿದ ಮನೆಯ ಬಳ್ಳಿಗೆ, ಅದರಲ್ಲಿಯೂ ಸೊರಗಿದ ಬಳ್ಳಿಗೆ, ಅಷ್ಟು ಕಠಿಣವಾದ ಕ್ರಮವು ಬೇಡ. ನಾವು ಮಾಡಿದುದು ಹೀಗೆ: ಮೊದಲು ಒಣಗಿದ ಕಡ್ಡಿಗಳನ್ನೆಲ್ಲ ತೆಗೆದೆವು. ಮುದಿಯಾಗಿ ಗಡುಸಾದ ಕಾಂಡಗಳಲ್ಲಿ ಮೂರರಲ್ಲೊಂದು ಪಾಲನ್ನು ಬುಡದ ಹತ್ತಿರಕ್ಕೆ ಕತ್ತರಿಸಿ, ಉಳಿದುವುಗಳನ್ನು ಮುಂದಿನ ವರ್ಷಗಳಿಗೆ ಬಿಟ್ಟೆವು. ಚಪ್ಪರದ ಮೇಲಿದ್ದ ಪಕ್ಕದ ರೆಂಬೆಗಳನ್ನು ಎರಡು ಮೂರು ಗೆಣ್ಣುಗಳಷ್ಟು ಉಳಿಸಿ ಮೊಟಕುಮಾಡಿದೆವು. ಕತ್ತರಿಯು ಹರಿತವಾಗಿರಬೇಕು, ಜಜ್ಜಿದ ಗಾಯದಲ್ಲಿ ರೋಗವು ಹೊಗುತ್ತದೆ. ಬಳಿಕ ಬುಡಕ್ಕೆ ಹತ್ತು ಕಿಲೋ ಕೊಟ್ಟಿಗೆಗೊಬ್ಬರವನ್ನು ಕೊಟ್ಟು, ಕಾಂಡಕ್ಕೆ ತಾಗದಂತೆ ಒಣಗಿದ ಎಲೆಗಳನ್ನು ಹೊದಿಸಿದೆವು.

ಆ ಸಂಜೆ ಬೋಳಾದ ಚಪ್ಪರವನ್ನು ಕಂಡು ಇಬ್ಬರು ಹುಡುಗಿಯರು ಅತ್ತರು. ನಮಗೂ ಧೈರ್ಯವಿರಲಿಲ್ಲವೆಂಬುದನ್ನು ಈಗ ಒಪ್ಪಿಕೊಳ್ಳಬಹುದು. ಮೂರು ವಾರಗಳ ಕಾಲ ಯಾವ ಚಿಹ್ನೆಯೂ ಕಾಣಲಿಲ್ಲ. ಫೆಬ್ರುವರಿಯ ಮೊದಲನೆಯ ವಾರದಲ್ಲಿ ಗೆಣ್ಣುಗಳಲ್ಲಿ ಸಾಸಿವೆಕಾಳಿನಷ್ಟು ಕೆಂಪು ಚುಕ್ಕೆಗಳು ಮೂಡಿದುವು. ತಿಂಗಳು ಮುಗಿಯುವುದರೊಳಗೆ ಚಪ್ಪರದ ಮೇಲೆಲ್ಲ ಚಿಗುರು.

ಏಪ್ರಿಲ್ ತಿಂಗಳಲ್ಲಿ ಕೆಂಪು ನುಸಿಯು ಬಂದಿತು. ಎಲೆಗಳ ಅಡಿಭಾಗವನ್ನು ಮೂರು ದಿನಗಳಿಗೊಮ್ಮೆ ಬೆಳಗಿನ ಹೊತ್ತು ನೀರಿನ ಸೇಚನದಿಂದ ತೊಳೆದೆವು. ಒಂದು ಲೀಟರು ನೀರಿಗೆ ೫ ಮಿಲಿಲೀಟರು ಬೇವಿನೆಣ್ಣೆಯನ್ನೂ ಅದು ಬೆರೆಯಲು ಬೇಕಾದಷ್ಟೇ ಸಾಬೂನನ್ನೂ ಸೇರಿಸಿ ಸಂಜೆಯಲ್ಲಿ ಎರಡು ಸಲ ಸಿಂಪಡಿಸಿದೆವು. ಅಷ್ಟಕ್ಕೇ ಅದು ತಗ್ಗಿತು.

ಬೇಸಿಗೆಯ ರಜೆಯಲ್ಲಿ ಹುಡುಗಿಯರೂ ನಾವೂ ಊರುಗಳಿಗೆ ಹೋದೆವು. ಬಳ್ಳಿಯ ಭಾರವು ಅಜ್ಜಿಯದಾಯಿತು. ಮೇ ತಿಂಗಳಿನ ಕೊನೆಯ ವಾರದಲ್ಲಿ ತೋಟದವನು ವಾಡಿಕೆಯಂತೆ ಕತ್ತರಿಯನ್ನು ಹಿಡಿದು ಬಂದಾಗ, ಅವಳು ಒಂದು ಮಣೆಯನ್ನು ತಂದು ಚಪ್ಪರದ ಕೆಳಗೆ ಹಾಕಿಕೊಂಡು, ಅಕ್ಕಿ ಆರಿಸುತ್ತ ಮಧ್ಯಾಹ್ನದವರೆಗೂ ಅಲ್ಲಿಯೇ ಕುಳಿತಿದ್ದಳಂತೆ.

೭. ಜೂನ್ ತಿಂಗಳು

ಶಾಲೆ ತೆರೆದ ಮೊದಲನೆಯ ಬೆಳಗ್ಗೆ ಹೂ ಬಿಡಿಸಿದೆವು. ಹೂವು ಹೇರಳವಾಗಿತ್ತೆಂದು ಬರೆದರೆ ಸುಳ್ಳಾದೀತು. ಒಂದು ಮೊಳಕ್ಕೂ ಸಾಲದಷ್ಟು ಮಾಲೆಯಾಯಿತು. ಅದನ್ನೇ ಹನ್ನೊಂದು ತುಂಡುಗಳಾಗಿ ಮಾಡಿ ಹನ್ನೊಂದು ಮಂದಿ ಹೊಸ ಹುಡುಗಿಯರಿಗೆ ಮುಡಿಸಿದರು. ಮುಡಿಸಿದ ಅಕ್ಕಂದಿರಿಗೆ ಒಂದು ಮೊಗ್ಗೂ ಉಳಿಯಲಿಲ್ಲ. ಆ ಅಕ್ಕಂದಿರಲ್ಲಿ ಯಾರೊಬ್ಬರೂ ತಾವು ಹೊಸಬರಾಗಿ ಬಂದಾಗ ಈ ಹೂವನ್ನು ಮುಡಿದವರಲ್ಲ. ಹೂವಿಲ್ಲದ ಮೂರು ವರ್ಷಗಳಲ್ಲಿ ಬಂದು ಸೇರಿದವರು. ತಾವು ಪಡೆಯದುದನ್ನು ಕೊಟ್ಟವರು ಅವರು. ಮುಖ್ಯೋಪಾಧ್ಯಾಯಿನಿಯವರು ಬಂದು ನೋಡಿ, ಕಲ್ಲುಹಾಸನ್ನು ಬಾವಿಯ ಆಚೆಯ ಬದಿಗೆ ಹಾಕಿಸಲು ಅಪ್ಪಣೆ ಮಾಡಿದರು. ಮರುವರ್ಷ ಚಪ್ಪರವು ನವೆಂಬರ್ ತಿಂಗಳಿನವರೆಗೂ ಹೂ ಕೊಟ್ಟಿತು.

೮. ಮನೆಯವರಿಗೆ ಕೆಲವು ಸೂಚನೆಗಳು

ಎಲ್ಲ ಬಳ್ಳಿಗಳಿಗೂ ಒಂದೇ ಕ್ರಮವು ಸಲ್ಲದು. ದುಂಡುಮಲ್ಲಿಗೆಯು ಮಾರ್ಚ್ ತಿಂಗಳಿನಿಂದಲೇ ಅರಳತೊಡಗುವುದರಿಂದ ಅದನ್ನು ನವೆಂಬರ್ ತಿಂಗಳಿನ ಕೊನೆಯಲ್ಲಿಯೇ ಕತ್ತರಿಸಬೇಕು. ಕಾಗದದ ಹೂವಿನ ಬಳ್ಳಿಗೆ ನೀರು ಹೆಚ್ಚಾದರೆ ಬರಿಯ ಸೊಪ್ಪು. ತುಸು ಒಣಗಗೊಟ್ಟರೆ ಹೂವು. ಶಂಖಪುಷ್ಪವು ಅವರೆಯ ಕುಟುಂಬಕ್ಕೆ ಸೇರಿದುದು. ಅದರ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುವುದರಿಂದ ಅದಕ್ಕೆ ಯೂರಿಯಾ ಬೇಕಿಲ್ಲ. ಅಂಗಳವಿಲ್ಲದವರು ನಿರಾಶರಾಗಬೇಕಾದುದಿಲ್ಲ. ಉಡುಪಿಯ ಬಳಿಯ ಶಂಕರಪುರದ ಸುತ್ತಮುತ್ತ ಅನೇಕ ಮನೆಗಳ ಹೆಂಗಸರು ಹಿತ್ತಿಲಲ್ಲಿಯೂ ತಾರಸಿಯ ಕುಂಡಗಳಲ್ಲಿಯೂ ಮಲ್ಲಿಗೆಯನ್ನು ಬೆಳೆದು, ಚೆಂಡು, ಅಟ್ಟೆ ಎಂಬ ಲೆಕ್ಕದಲ್ಲಿ ಮಾರಿ ಸಂಸಾರಕ್ಕೆ ನೆರವಾಗುತ್ತಾರೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಕುಂಡದಲ್ಲಿ ನೆಡುವವರು ತಳದ ರಂಧ್ರವು ಮುಚ್ಚಿಕೊಂಡಿಲ್ಲವೆಂಬುದನ್ನು ಆಗಾಗ ನೋಡಬೇಕು.

ಸೊರಗಿದ ಬಳ್ಳಿಯು ಉಳಿಯುವುದೋ ಇಲ್ಲವೋ ಎಂಬ ಶಂಕೆಯಿದ್ದರೆ, ಅದರಲ್ಲಿ ಉಳಿದಿರುವ ಒಂದು ಆರೋಗ್ಯವಾದ ರೆಂಬೆಯನ್ನು ಮಳೆಗಾಲದಲ್ಲಿ ನೆಲಕ್ಕೆ ಬಾಗಿಸಿ, ಗೆಣ್ಣಿನ ಕೆಳಗೆ ತೊಗಟೆಯನ್ನು ಸ್ವಲ್ಪ ಕೆರೆದು, ಆ ಭಾಗವನ್ನು ಮಣ್ಣಿನಲ್ಲಿ ಹೂತು ಮೇಲೊಂದು ಕಲ್ಲಿಡಿರಿ. ಮೂರು ನಾಲ್ಕು ತಿಂಗಳುಗಳಲ್ಲಿ ಅಲ್ಲಿ ಬೇರೊಡೆಯುತ್ತದೆ. ಆಮೇಲೆ ತಾಯಿಬಳ್ಳಿಯಿಂದ ಬೇರ್ಪಡಿಸಿ ಬೇರೆಡೆಯಲ್ಲಿ ನೆಡಬಹುದು. ಆಗ ಹಳೆಯ ಬಳ್ಳಿ ಹೋದರೂ ಅದರ ವಂಶವು ಉಳಿಯುತ್ತದೆ.

ಈ ವಿಧಾನದಿಂದ ನಾವೂ ಕೆಲವು ಸಸಿಗಳನ್ನು ಮಾಡಿ, ಬಾವಿಯ ಆಚೆಯ ನೆರಳಿನಲ್ಲಿ ಸಾಲಾಗಿ ಇಟ್ಟಿದ್ದೇವೆ. ಶಾಲೆಯನ್ನು ನೋಡಲು ಬರುವ ಹಳೆಯ ವಿದ್ಯಾರ್ಥಿನಿಯರು ಒಂದೊಂದನ್ನು ಕೊಂಡೊಯ್ದು ತಮ್ಮ ಮನೆಗಳಲ್ಲಿ ನೆಡಬೇಕೆಂದು ಕೋರುತ್ತೇವೆ. ಕತ್ತರಿಸುವ ತಿಂಗಳು ಜನವರಿ ಎಂಬುದನ್ನು ಮಾತ್ರ ಯಾರೂ ಮರೆಯಬಾರದು. ಮರೆತರೆ ಅಜ್ಜಿಯು ಸುಮ್ಮನಿರುವವಳಲ್ಲ.